ಡಾಕ್ಟರಮ್ಮನ ಗಾಜಿನ ತೊಟ್ಟಿ

ಅವರ ಬಲಗೈ ಮೊಣಕೈವರೆಗೂ ಒದ್ದೆಯಾಗಿತ್ತು. ಎಡಗೈಯಲ್ಲಿ ಸ್ಟೆತಾಸ್ಕೋಪು ಹಿಡಿದು ನನ್ನ ಮಂಚದ ಹತ್ತಿರ ಬಂದಾಗ ಆ ಬಲಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಣಿಕಟ್ಟಿಗೆ ಹಸಿರು ದಾರದಂಥ ಒಂದು ಎಲೆ ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಒಂದು ಬಸವನಹುಳು. ಹೆದರಿ ಕಣ್ಣುಮುಚ್ಚಿ ಮಲಗಿದ್ದ ನಾನು ಕಣ್ಣುಬಿಟ್ಟು ಆ ಹುಳುವನ್ನೇ ನೋಡತೊಡಗಿದೆ. ನಾನು ಏನು ನೋಡುತ್ತಿದ್ದೇನೆಂದು ಅವರೂ ನೋಡಿಕೊಂಡರು.

“ಅಯ್ಯ, ಇದು ಬ್ಯಾರೆ ಪೇಶಂಟು!” ಎಂದು ಗೊಳ್ಳನೆ ನಕ್ಕು, ಹುಳುವನ್ನು ಬೆರಳ ತುದಿಯಿಂದ ಎತ್ತಿ ಕಿಟಕಿಯಲ್ಲಿದ್ದ ನೀರಿನ ಲೋಟಕ್ಕೆ ಬಿಟ್ಟರು. ಆಮೇಲೆ ಸೋಪು ಹಚ್ಚಿ ಕೈ ತೊಳೆದು ಬಂದು ನನ್ನ ನಾಡಿ ಹಿಡಿದರು.

ಊರೆಲ್ಲ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆಯುತ್ತೇನೆ. ದಾವಣಗೆರೆಯ ಹತ್ತಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಐದು ಮಂಚ ಹಾಕಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಹೊಳೆಯ ದಂಡೆಯ ಮನೆಯಲ್ಲಿ. ಓದಿದ್ದು ಮದರಾಸಿನಲ್ಲಿ. ಮದುವೆಯಾಗಿರಲಿಲ್ಲ. ಗಿಡ್ಡನೆಯ ಆಳು, ದಪ್ಪ ಕನ್ನಡಕ, ಕಪ್ಪು ಅಂಚಿನ ಬಿಳಿ ಸೀರೆ. ಹತ್ತಿ ಗಿರಣಿಯ ಸೈರನ್ನಿನ ಕೂಗಿನಲ್ಲೂ ಅವರ ನಗು ಅಡಗುತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ, ಮೂರನೆಯ ಸಲ ಬಸುರಿಯಾಗಿ ನಾಲ್ಕು ತಿಂಗಳು ತುಂಬಿದಾಗ. ಮಾಯಕೊಂಡದಿಂದ ದಾವಣಗೆರೆಯ ಬಟ್ಟೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷ. ಮೊದಲ ಎರಡು ಸಲವೂ ಐದನೆಯ ತಿಂಗಳಿಗೇ ಹೋಗಿಬಿಟ್ಟಿತ್ತು. ನಂಟರ ಪೈಕಿ ಹಿರಿಯರೊಬ್ಬರು ಪಡಸಾಲೆಯಲ್ಲಿ ಕೂತು, “ಎರಡು ಸಲ ಆತು. ಇನ್ನೆಷ್ಟು ದಿನ ಕಾಯೋದು? ಹುಡುಗಗ ಬ್ಯಾರೆ ದಾರಿ ನೋಡ್ರಿ” ಎಂದದ್ದು ಒಳಗಿದ್ದ ನನಗೆ ಕೇಳಿಸಿತ್ತು. ನಮ್ಮತ್ತೆ ಅದಕ್ಕೆ ಒಂದು ಮಾತೂ ಆಡದೆ ಎದ್ದು ಅಡುಗೆಮನೆಗೆ ಬಂದರು. ಅವರು ಮೊದಲೇ ಮಾತು ಕಡಿಮೆಯ ಹೆಂಗಸು. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, “ಇವತ್ತಿಂದ ನಾಲ್ಕು ತಿಂಗಳು ಮಂಚ ಬಿಟ್ಟು ಇಳಿಯೋ ಹಂಗಿಲ್ಲ” ಎಂದರು. ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದರು.

“ಇದು ಉಳೀತದಾ ಡಾಕ್ಟರಮ್ಮಾರೆ?” ಎಂದು ಕೇಳಿದೆ.

“ಗೊತ್ತಿಲ್ಲವ್ವ. ಉಳೀತೈತೆ ಅಂತ ಸುಮ್ನೆ ಹೇಳಿ ನಿನ್ನ ಸಮಾಧಾನ ಮಾಡೋದು ಸುಲಭ, ನಾನು ಹೇಳೋದಿಲ್ಲ. ನೀನು ಮಲಕ್ಕೊ. ನನ್ನ ಕೈಲಾಗಿದ್ದು ನಾನು ಮಾಡ್ತೀನಿ. ದಿನಾ ಬರ್ತೀನಿ.”

ಎಲ್ಲರೂ ‘ದೇವರಿದ್ದಾನೆ’ ಎಂದು ಹೇಳಿ ಎದ್ದುಹೋಗುತ್ತಿದ್ದ ಕಾಲದಲ್ಲಿ ಈ ‘ಗೊತ್ತಿಲ್ಲ’ ನನಗೆ ವಿಚಿತ್ರ ಧೈರ್ಯ ಕೊಟ್ಟಿತು. ಆದರೂ ಗೋಡೆ ನೋಡುತ್ತ ಮಲಗುವುದೆಂದರೆ ಎಷ್ಟು ಹೊತ್ತು? ಮೂರನೆಯ ದಿನ ಮಧ್ಯಾಹ್ನ ಅಳುತ್ತಿದ್ದೆ. ಬಾಗಿಲಲ್ಲಿ ಸದ್ದಾಯಿತು. ಡಾಕ್ಟರಮ್ಮ, ಆಯಾ, ಗಾಜಿನ ಕೆಲಸದ ಸಾಬರು ಮೂವರೂ ಸೇರಿ ಕಬ್ಬಿಣದ ಚೌಕಟ್ಟಿನ ಖಾಲಿ ಗಾಜಿನ ತೊಟ್ಟಿಯೊಂದನ್ನು ಹೊತ್ತು ಬರುತ್ತಿದ್ದರು.

“ಇದು ಮುಂದಿನ ಕೋಣೇಲಿತ್ತು. ಬಿಸಿಲು ನೇರ ಬಿದ್ದು ನೀರೆಲ್ಲ ಪಾಚಿಗಟ್ಟಿತ್ತು. ಮೂಲೆಗೆ ಸೋರ್ತಿತ್ತು, ಸಾಬ್ರು ರಿಪೇರಿ ಮಾಡ್ಯಾರೆ. ನಿನ್ನ ಕೋಣೆಗೆ ಉತ್ತರದ ಬೆಳಕೈತೆ. ಇಲ್ಲೇ ಇಡ್ತೀನಿ” ಎಂದರು ಡಾಕ್ಟರಮ್ಮ. ಮಂಚದ ಎದುರಿನ ಗಟ್ಟಿ ಮೇಜಿನ ಮೇಲೆ ತೊಟ್ಟಿ ಕೂತಿತು. ನನ್ನ ಕೆಂಪು ಕಣ್ಣು ಕಂಡರೂ ಕಾಣದವರಂತೆ, “ನೋಡು, ಇದರಾಗ ಗಿಡ ನೆಡೋದೈತೆ. ಮಲಕ್ಕೊಂಡು ನೋಡೋಳು ನೀನು. ಎಲ್ಲಿ ಯಾವ ಗಿಡ ಇರ್ಬೇಕು ನೀನೇ ಹೇಳ್ಬೇಕು” ಎಂದರು.

ಮದುವೆಯಾದ ಮೇಲೆ ನನಗೇನು ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು.

ಮಾರನೆಯ ದಿನ ಆಯಾ ಹೊಳೆಯ ಮರಳನ್ನು ಅಕ್ಕಿ ತೊಳೆದಂತೆ ತೊಳೆದಳು. ನೀರು ತಿಳಿಯಾಗುವವರೆಗೆ ಒಂಬತ್ತು ಸಲ ತೊಳೆಸಿ, ತೊಟ್ಟಿಗೆ ಹಾಕಿಸಿ ನೀರು ತುಂಬಿಸಿದರು ಡಾಕ್ಟರಮ್ಮ. ಭಾನುವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೋಗಿ, ಮುಚ್ಚಳದ ಹಾಲಿನ ಕ್ಯಾನಿನ ತುಂಬ ನೀರುಗಿಡ ತಂದರು. ಒದ್ದೆ ಗೋಣಿಚೀಲವನ್ನು ನನ್ನ ಮಂಚದ ಪಕ್ಕ ಹಾಸಿ, ಒಂದೊಂದನ್ನೇ ಬಿಡಿಸಿ ಇಟ್ಟರು. ಎಲ್ಲಕ್ಕೂ ಅವರದೇ ಹೆಸರು. ಲಂಗದ ಲಾಡಿಯಂತೆ ಉದ್ದಕ್ಕೆ ಚಪ್ಪಟೆಯಾಗಿದ್ದದ್ದು ಲಾಡಿಹುಲ್ಲು. ಪೊದೆಪೊದೆಯಾಗಿದ್ದದ್ದು ನರಿಬಾಲ. ದಪ್ಪ ಪುಟ್ಟ ಎಲೆಯದು ಮಾತ್ರ ಎಲ್ಲರೂ ಬಲ್ಲ ನೀರುಬ್ರಾಹ್ಮಿ.

“ಎಲೆ ನೋಡಿ ಮರುಳಾಗಬ್ಯಾಡ. ಬುಡ ನೋಡು. ಬೇರು ಬೆಳ್ಳಗಿರಬೇಕು. ಮೂಸಿ ನೋಡು, ಹೊಳೆ ವಾಸನೆ ಬರಬೇಕು. ಕೊಳೆತ ವಾಸನೆ ಬಂದ್ರೆ ಎಸೆದುಬಿಡು.”

ನನ್ನ ಮೂಗಿಗೆ ಹಿಡಿದರು. ಫಿನಾಯಿಲಿನ ವಾಸನೆಯಲ್ಲಿ ಬಿದ್ದಿದ್ದ ನನಗೆ ತುಂಗಭದ್ರೆಯ ಹಸಿ ಗಾಳಿ ಒಮ್ಮೆಲೇ ಕೋಣೆಯೊಳಗೆ ಬಂದಂತಾಯಿತು.

“ದೊಡ್ಡ ಗಿಡಕ್ಕ ಆಸೆಪಡಬ್ಯಾಡ. ಅದು ತನ್ನ ಜಾಗಕ್ಕೆ ಒಗ್ಗಿರ್ತೈತೆ, ಕಿತ್ತು ತಂದ್ರೆ ಮುನಿಸಿಕೊಂತೈತೆ. ಎಳೇದು ತಗೋ.”

ನಾನು ಮೂರು ಬೆರಳೆತ್ತರದ ಗಿಡಗಳನ್ನು ಆರಿಸಿದೆ. ಅವರು ಹಳೆಯದೊಂದು ಉದ್ದನೆಯ ಚಿಮಟ ಹಿಡಿದು, ತೋಳು ಮಡಚಿ, ನೀರೊಳಗೆ ಕೈಬಿಟ್ಟು ನೆಡತೊಡಗಿದರು. ಉದ್ದದ ಲಾಡಿಹುಲ್ಲು ಹಿಂದಿನ ಸಾಲಿಗೆ, ನರಿಬಾಲದ ಪೊದೆ ಎರಡು ಮೂಲೆಗೆ, ನೀರುಬ್ರಾಹ್ಮಿ ಮುಂದಕ್ಕೆ. ಬುಡದ ಬಿಳಿಯ ಕುತ್ತಿಗೆ ಮರಳಿನ ಮೇಲೆ ಕಾಣುತ್ತಿರಬೇಕು, ಹೂತರೆ ಕೊಳೆಯುತ್ತದೆ ಎಂದರು. ನಡುವೆ ಒಂದಿಷ್ಟು ಬಯಲು ಬಿಡಬೇಕೆಂದೆ ನಾನು.

“ಇನ್ನೊಂಚೂರು ಆ ಕಡೆ.”

“ಯಾವ ಕಡೆ? ನನ್ನ ಆ ಕಡೆನಾ, ನಿನ್ನ ಆ ಕಡೆನಾ? ಸರಿಯಾಗಿ ಹೇಳವ್ವ, ಹೊರಗ ಆರು ಜನ ಕೂತಾರೆ!”

ಮರುದಿನ ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಗಿಡ ಕಿತ್ತು ಮೇಲೆ ತೇಲುತ್ತಿತ್ತು. ನನಗೆ ಅಳು ಬಂತು, ಅವರಿಗೆ ನಗು. ಮತ್ತೆ ನೆಟ್ಟರು. ಮತ್ತೆ ತೇಲಿತು. ಬೇರಿಗೆ ಸಣ್ಣ ಕಲ್ಲು ಕಟ್ಟಿ ಮತ್ತೆ ನೆಟ್ಟರು. ಒಂದು ದಿನ ನಾನು, “ಇವು ಬೇರು ಹಿಡಿದ್ರೆ ನನ್ನದೂ ಉಳೀತದೆ ಅಂತ ಮನಸ್ಸಿನಾಗ ಅಂದ್ಕೊಂಡೀನಿ” ಎಂದುಬಿಟ್ಟೆ. ಚಿಮಟವನ್ನು ನೀರಿನಿಂದ ಹೊರತೆಗೆದು ನನ್ನ ಕಡೆ ತಿರುಗಿದರು. ಅವರು ಗದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹಂಗೆಲ್ಲ ಅಂದ್ಕೊಬ್ಯಾಡ. ಗಿಡ ಗಿಡ, ಬಸುರು ಬಸುರು. ನಾಳೆ ಇದೊಂದು ಹುಲ್ಲು ಸತ್ರೆ ನೀನು ರಾತ್ರಿ ಎಲ್ಲ ನಿದ್ದಿ ಕೆಡಿಸ್ಕೊಂತಿಯೇನು? ಇದು ನೋಡಿ ಖುಷಿಪಡೋಕೆ ಇಟ್ಟಿದ್ದು. ಶಕುನ ನೋಡೋಕಲ್ಲ.”

ಆ ಗದರಿಕೆಯಿಂದ ನನ್ನ ಎದೆಯ ಭಾರ ಇಳಿಯಿತು. ಅಂದಿನಿಂದ ಗಿಡ ಕಿತ್ತು ಬಂದರೆ ನಾನೂ ನಗತೊಡಗಿದೆ.

ನಮ್ಮತ್ತೆ ದಿನವೂ ಮಧ್ಯಾಹ್ನ ಊಟದ ಕ್ಯಾರಿಯರು ತರುತ್ತಿದ್ದರು. ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆ. ಬಡಿಸಿ, ನಾನು ಉಂಡ ಮೇಲೆ ಪಾತ್ರೆ ತೆಗೆದುಕೊಂಡು ಹೋಗುತ್ತಿದ್ದರು. ಮಾತಿಲ್ಲ. ತೊಟ್ಟಿಯಲ್ಲಿ ನೀರು, ಗಿಡ ಮಾತ್ರ ಇರುವವರೆಗೆ ಅವರು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ. ಹದಿನೈದು ದಿನ ಕಳೆದು, ಗಿಡ ಸ್ವಲ್ಪ ನಿಂತಿತೆಂದು ಡಾಕ್ಟರಮ್ಮ ಆರು ಪುಟ್ಟ ಮೀನು ಬಿಟ್ಟರು. ಅವತ್ತು ಒಳಗೆ ಬಂದ ಅತ್ತೆ ಹೊಸ್ತಿಲಲ್ಲೇ ನಿಂತರು. ಲಿಂಗಪೂಜೆಯಾಗದೆ ನೀರೂ ಕುಡಿಯದ ಹೆಂಗಸು.

“ಮೀನಾ? ಬಸುರಿ ಕ್ವಾಣಿಯಾಗ ಮೀನಾ?”

ಹಿಂದೆಯೇ ಬಂದ ಡಾಕ್ಟರಮ್ಮ ಹೇಳಿದರು: “ತಿನ್ನೋಕಲ್ಲ ಅಕ್ಕಾರೆ, ನೋಡೋಕೆ. ಮಲೇರಿಯಾದವರು ಸೊಳ್ಳೆ ಮರಿ ತಿನ್ಲಿ ಅಂತ ಬಾವಿಗೆ ಬಿಡ್ತಾರಲ್ಲ, ಅವೇ ಇವು. ನಿಮ್ಮ ಮನೆ ಬಾವ್ಯಾಗೂ ಅದಾವೆ.”

“ಅಯ್ಯೋ ಶಿವನೇ! ನಾವು ಅದೇ ನೀರು ಕುಡಿತೀವಲ್ರೀ!”

“ಅದಕ್ಕೇ ಜ್ವರ ಬರದೆ ಗಟ್ಟಿ ಅದೀರಿ. ಬರ್ರಿ, ಕೂಡ್ರಿ.”

ಅತ್ತೆ ಕೂಡಲಿಲ್ಲ. ಆದರೆ ಹೋಗುವಾಗ ತೊಟ್ಟಿಯ ಮುಂದೆ ಎರಡು ನಿಮಿಷ ನಿಂತರು. ಲೋಕಿಕೆರೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಅವರ ಕಣ್ಣು ಮೀನು ಬಿಟ್ಟು ಗಿಡದ ಮೇಲೆ ಹೋಯಿತು. “ಎಲೆ ಹಳದಿ ಆಗ್ಯಾವೆ. ಬರೇ ಮರಳಾಗ ಏನು ಬೆಳೀತೈತೆ?” ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಮಾರನೆಯ ದಿನ ಬಂದವರು ಮೊದಲು ನೋಡಿದ್ದು ತೊಟ್ಟಿಯನ್ನು, ಆಮೇಲೆ ನನ್ನನ್ನು. ನಾಲ್ಕನೆಯ ದಿನ ಹೊನಗನ್ನೆ ಸೊಪ್ಪಿನ ಒಂದು ಕಡ್ಡಿ ತಂದು, “ಇದು ನಮ್ಮೂರ ಕೆರೆ ಅಂಚಿನಾಗ ನೀರಾಗೇ ಇರ್ತೈತೆ, ಇದನ್ನೂ ನೆಡ್ರಿ” ಎಂದು ಡಾಕ್ಟರಮ್ಮನ ಕೈಗೆ ಕೊಟ್ಟರು. ಅದು ಎಂಟು ದಿನಕ್ಕೆ ಕೊಳೆಯಿತು. ಉಳಿದ ಗಿಡಗಳೂ ಬಾಡುತ್ತಲೇ ಇದ್ದವು. ಹಾಗೇ ಆಗುತ್ತದೆ, ಪ್ರತಿ ವರ್ಷ ಎರಡು ಮೂರು ಸಲ ಹೊಸದು ತಂದು ನೆಡುತ್ತೇನೆ ಎಂದರು ಡಾಕ್ಟರಮ್ಮ. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ.

ಒಂದು ಮಧ್ಯಾಹ್ನ ಉಂಡು ಕಣ್ಣು ಹತ್ತಿತ್ತು. ಎಚ್ಚರವಾದಾಗ ಎದುರಿಗೆ ಗಾಜಿನ ತುಂಬ ಕಷಾಯ ಬಣ್ಣದ ನೀರು. ಗಿಡವಿಲ್ಲ, ಮೀನಿಲ್ಲ, ಏನೂ ಕಾಣುತ್ತಿಲ್ಲ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಖಾಲಿ ಬಟ್ಟೆಯ ಗಂಟು, ಮುಖ ಬಿಳಿಚಿಕೊಂಡಿತ್ತು. ಲೋಕಿಕೆರೆಯಿಂದ ಎರೆಮಣ್ಣು, ಹಳೆಯ ತಿಪ್ಪೆಗೊಬ್ಬರ ತರಿಸಿ ಎರಡು ಬೊಗಸೆ ಸುರಿದಿದ್ದರು.

ನಾನು ಕೂಗಿದೆ. ಡಾಕ್ಟರಮ್ಮ ಓಡಿ ಬಂದರು, ನೋಡಿದರು, ಮೊದಲು ಸೆರಗು ಸಿಕ್ಕಿಸಿ ಕೈಹಾಕಿ ಆರೂ ಮೀನು ಹುಡುಕಿ ಎನಾಮಲ್ ಬೋಗುಣಿಗೆ ಬಿಟ್ಟರು. ಆಮೇಲೆ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಕ್ಕಾರೆ, ನಿಮ್ಮ ಸೊಸೆಗೆ ನಾನು ಒಂದೇ ದಿನ ಒಂದು ಚೀಲ ಅಕ್ಕಿ ಉಣಿಸಿದ್ರೆ ಹೆಂಗಿರ್ತೈತೆ?”

ಅತ್ತೆ ನಗಲಿಲ್ಲ. ಕ್ಯಾರಿಯರು ಅಲ್ಲೇ ಬಿಟ್ಟು ಹೊರಟುಹೋದರು. ಮರುದಿನ ಊಟ ಬಂತು, ಕೆಲಸದವಳ ಕೈಯಲ್ಲಿ. ಅದರ ಮರುದಿನವೂ ಹಾಗೆಯೇ. ಅವರಿಲ್ಲದ ಮಧ್ಯಾಹ್ನ ಬಿಕೋ ಎನ್ನುತ್ತದೆಂದು ನನಗೇ ಆಶ್ಚರ್ಯವಾಯಿತು.

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಜಟಕಾ ಮಾಡಿಕೊಂಡು ನೇರ ನಮ್ಮ ಮನೆಗೆ ಹೋದರು. ಪಡಸಾಲೆಯಲ್ಲಿ ನಿಂತು, ನಮ್ಮ ಮಾವನವರ ಎದುರಿಗೇ ಹೇಳಿದರಂತೆ: “ಅಕ್ಕಾರೆ, ನಿಮ್ಮ ಗೊಬ್ಬರಕ್ಕೆ ನನ್ನ ಗಿಡ ಎಲ್ಲ ಹೋದ್ವು. ಹೊಸಾವು ತರಬೇಕು. ಮಣ್ಣು ನೀರು ಗೊತ್ತಿರೋರು ಒಬ್ರು ಜತಿಗೆ ಬೇಕು. ರೈಲಿಗೆ ಹೊತ್ತಾತು, ಹೊರಡ್ರಿ.” ಮಾವನವರು ಪೇಟ ಸರಿಮಾಡಿಕೊಂಡರಂತೆ. ಅತ್ತೆ ಹೊರಟೇಬಿಟ್ಟರು.

ಆ ಸಂಜೆ ಕೋಣೆಗೆ ಬಂದ ಅತ್ತೆಯನ್ನು ನಾನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಇಳಕಲ್ ಸೀರೆ ಮೊಣಕಾಲವರೆಗೆ ಒದ್ದೆ, ಕೂದಲು ಕೆದರಿದೆ, ಎರಡೂ ಕೈಯಲ್ಲಿ ಹಾಲಿನ ಕ್ಯಾನು. ಮುಖದಲ್ಲಿ ಹದಿನೈದು ವರ್ಷದ ಹುಡುಗಿಯ ಹುರುಪು.

“ನೋಡವ್ವ, ನಿಮ್ಮತ್ತೆ ನನಗ ಇವತ್ತು ಪಾಠ ಮಾಡಿದ್ರು” ಎಂದರು ಡಾಕ್ಟರಮ್ಮ. “ನಾನು ಯಾವಾಗಲೂ ಹರಿಯೋ ನೀರಿಗಿಳಿದು ಹಸಿರಗೆ ಕಂಡಿದ್ದೆಲ್ಲ ಕಿತ್ತು ತರ್ತಿದ್ದೆ. ಇವರು ದಂಡೆ ಮ್ಯಾಲೆ ನಿಂತು ಏನಂದ್ರು ಗೊತ್ತಾ?”

ಅತ್ತೆ ನಾಚಿಕೊಂಡು, “ಏನಿಲ್ಲವ್ವ. ತೊಟ್ಟಿ ನೀರು ನಿಂತ ನೀರು. ಅದಕ್ಕ ನಿಂತ ನೀರಿನ ಗಿಡಾನೇ ತಗೊಳ್ರಿ, ಹರಿಯೋದು ಬ್ಯಾಡ, ಆ ಮಡುವಿನಾಗಿಂದ ತಗೊಳ್ರಿ ಅಂದೆ. ಕೆಳಗ ಕೈಯಾಡಿಸಿ ನೋಡಿದೆ, ದಪ್ಪ ಮರಳು, ಅದರ ಅಡಿ ತೆಳ್ಳಗ ಒಂದು ಪದರ ಮೆಕ್ಕಲು. ಅಷ್ಟೇ. ಗೊಬ್ಬರ ಎಲ್ಲೂ ಇರ್ಲಿಲ್ಲ ಬಿಡು” ಎಂದರು.

“ಎಂಟು ವರ್ಷ! ಎಂಟು ವರ್ಷದಿಂದ ನನಗ ಹೊಳೀಲಿಲ್ಲ!” ಎಂದು ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಸೋತಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಹೊರಗೆ ಯಾರೋ ನೋವು ತಿನ್ನುತ್ತಿದ್ದಾರೆಂದು ಆಯಾ ಕರೆದಳು, ಡಾಕ್ಟರಮ್ಮ ಹೋದರು. ಅತ್ತೆ ತಾವೇ ತೋಳು ಮಡಚಿದರು. ಆಯಾ ಆಗಲೇ ತೊಳೆದಿಟ್ಟಿದ್ದ ತೊಟ್ಟಿಯ ತಳಕ್ಕೆ ಹೊಳೆಯಿಂದ ತಂದ ಮೆಕ್ಕಲು, ಅದರ ಮೇಲೆ ಮರಳು ಹಾಸಿ ನೀರು ತುಂಬಿದರು. ಚಿಮಟ ಮುಟ್ಟಲಿಲ್ಲ. ಸಸಿಮಡಿಯಿಂದ ಕಿತ್ತ ಪೈರು ನಾಟಿ ಮಾಡುವಂತೆ ಮೂರು ಬೆರಳಲ್ಲಿ ಬುಡ ಹಿಡಿದು, ಮೆಕ್ಕಲಿಗೆ ಒತ್ತಿ, ಹೆಬ್ಬೆರಳಿನಿಂದ ಮರಳು ಎಳೆದು ಮುಚ್ಚಿದರು. ಒಂದೂ ತೇಲಲಿಲ್ಲ. ನೆಡುತ್ತ ನೆಡುತ್ತ, ನನ್ನ ಕಡೆ ನೋಡದೆ, ಹೇಳಿದರು:

“ನಂಗೂ ಎರಡು ಸಲ ಬಸುರು ಹೋಗಿದ್ವವ್ವ. ನಿನ್ನ ಗಂಡ ಹುಟ್ಟೋಕೆ ಮೊದ್ಲು. ನಮ್ಮತ್ತೆ ಮುಂದೂ ಅಳ್ಲಿಲ್ಲ, ತೌರಿಗೂ ಹೇಳ್ಲಿಲ್ಲ. ಇವತ್ತು ಹೊಳ್ಯಾಗ ನಿಂತು ಈ ಡಾಕ್ಟರಮ್ಮನ ಮುಂದೆ ಅಂದುಬಿಟ್ಟೆ. ‘ಸೊಸಿ ಮುಂದ ಹೇಳ್ರಿ’ ಅಂದ್ರು.” ಇನ್ನೊಂದು ಗಿಡ ನೆಟ್ಟು, “ಅವತ್ತು ಪಡಸಾಲ್ಯಾಗ ಆ ದೊಡ್ಡ ಮನುಷ್ಯ ಅಂದಿದ್ದು ನಿನಗ ಕೇಳಿಸಿತ್ತು ಅಂತ ನನಗ ಗೊತ್ತೈತೆ. ಅವನನ್ನ ಹಿತ್ತಲಿಗೆ ಕರೆದು, ಇನ್ನೊಂದ್ಸಲ ಈ ಮಾತು ಆಡಿದ್ರೆ ನಮ್ಮ ಹೊಸ್ತಿಲು ತುಳೀಬ್ಯಾಡ ಅಂದೆ. ನಿನಗ ಹೇಳ್ಬೇಕಿತ್ತು. ಹೇಳೋದು ಬರ್ಲಿಲ್ಲ” ಎಂದರು.

ಒದ್ದೆ ಕೈಯಿಂದಲೇ ನನ್ನ ತಲೆ ನೇವರಿಸಿದರು. ಕೂದಲಿಗೆ ಅಂಟಿದ ಮರಳನ್ನು ನಾನು ಎರಡು ದಿನ ಕೊಡವಿಕೊಳ್ಳಲಿಲ್ಲ.

ಆಮೇಲಿನ ಎರಡು ತಿಂಗಳು ಆ ಕೋಣೆ ಸಂತೆಯಾಯಿತು. ಅತ್ತೆ ನೆಟ್ಟದ್ದೆಲ್ಲ ಬೇರು ಹಿಡಿದು, ಲಾಡಿಹುಲ್ಲು ಅಡ್ಡಬಳ್ಳಿ ಹಾಯಿಸಿ ಮರಿಯ ಮೇಲೆ ಮರಿ ಹಾಕಿತು. ತುದಿ ನೀರಿನ ಮೇಲಕ್ಕೆ ಬಂದು ಮಡಚಿಕೊಂಡಿತು. ಹೆಚ್ಚಾದದ್ದನ್ನು ಕತ್ತರಿಸುವ ಕೆಲಸ ಅತ್ತೆಯದು, ಎಲ್ಲಿ ಕತ್ತರಿಸಬೇಕೆಂದು ಹೇಳುವ ಕೆಲಸ ನನ್ನದು, ಇಬ್ಬರ ಜಗಳ ಬಿಡಿಸುವ ಕೆಲಸ ಡಾಕ್ಟರಮ್ಮನದು. ಗುತ್ತೂರಿನಿಂದ ಬಂದ ಪಕ್ಕದ ಕೋಣೆಯ ಬಾಣಂತಿ ಕೂಸು ಎತ್ತಿಕೊಂಡು ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಆ ಮೀನು ಮೊಟ್ಟೆ ಇಡುವ ಜಾತಿಯದಲ್ಲ, ಮರಿಯನ್ನೇ ಹಾಕುತ್ತದೆ ಎಂದು ತಿಳಿದ ಮೇಲಂತೂ ಹೊಟ್ಟೆ ದಪ್ಪಗಾದ ಮೀನಿಗೆ ದಿನ ಎಣಿಸಿದ್ದೇ ಎಣಿಸಿದ್ದು. ಒಂದು ಬೆಳಿಗ್ಗೆ ನರಿಬಾಲದ ಪೊದೆಯೊಳಗೆ ಎಳ್ಳಿನಂಥ ಕಣ್ಣುಗಳು ಓಡಾಡುತ್ತಿದ್ದವು. ತಾಯಿಮೀನು ತನ್ನ ಮರಿಯನ್ನೇ ತಿನ್ನುತ್ತದೆ, ಪೊದೆ ದಟ್ಟವಾಗಿದ್ದರೆ ಮಾತ್ರ ಉಳಿಯುತ್ತವೆ ಎಂದರು ಡಾಕ್ಟರಮ್ಮ. ಮೀನೆಂದರೆ ಹೊಸ್ತಿಲಲ್ಲಿ ನಿಂತಿದ್ದ ನಮ್ಮತ್ತೆ ಆ ತಾಯಿಮೀನಿಗೆ, “ಬುದ್ಧಿ ಐತೇನು ನಿನಗ?” ಎಂದು ಗಾಜಿಗೆ ಮೂಗು ತಾಗಿಸಿ ಬೈದರು. ಆ ದಿನ ಆಸ್ಪತ್ರೆಗೆಲ್ಲ ಸಕ್ಕರೆ ಹಂಚಿದವರೂ ಅವರೇ.

ನನಗೆ ನೋವು ಬಂದದ್ದು ಒಂಬತ್ತನೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಹತ್ತು ಗಂಟೆಗೆ. ಡಾಕ್ಟರಮ್ಮ ಮಧ್ಯಾಹ್ನದವರೆಗೂ ನನ್ನ ಪಕ್ಕ ಬಿಟ್ಟು ಅಲುಗಲಿಲ್ಲ. ಗಿರಣಿಯ ಪಾಳಿ ಬದಲಾಗುವ ಕೂಗು ಕೇಳಿದ ಮೇಲೆ ಮಗು ಕೂಗಿತು.

“ಹೆಣ್ಣು! ಗಂಟಲು ಗಿರಣಿಗಿಂತ ಜೋರೈತೆ!” ಎಂದು ಡಾಕ್ಟರಮ್ಮ ಕೂಗಿದ್ದು ಗಲ್ಲಿಯ ತುದಿಗೆ ಕೇಳಿಸಿತಂತೆ. ಅತ್ತೆ ಒಳಗೆ ಬಂದು ಕೂಸನ್ನು ನೋಡುವ ಮೊದಲು ಡಾಕ್ಟರಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಡಾಕ್ಟರಮ್ಮ ಅವರಿಗಿಂತ ಹತ್ತು ವರ್ಷ ಚಿಕ್ಕವರು. “ಏ, ಬಿಡ್ರಿ ಅಕ್ಕಾರೆ” ಎಂದು ಮುಖ ಆ ಕಡೆ ತಿರುಗಿಸಿದರು. ಕನ್ನಡಕ ಮಂಜಾಗಿತ್ತು.

ಮುಂದಿನ ವರ್ಷಗಳಲ್ಲಿ ಭಾನುವಾರದ ಹರಿಹರದ ರೈಲಿಗೆ ಮೂರು ಟಿಕೀಟು. ಡಾಕ್ಟರಮ್ಮ, ಅತ್ತೆ, ನಾನು. ನನ್ನ ಮಡಿಲಲ್ಲಿ ಮಗಳು. ನೀರಿಗಿಳಿದು ಮಂಡಕ್ಕಿ ತಿನ್ನುತ್ತ ಗಿಡ ಆರಿಸುವುದೇ ನಮ್ಮ ಹಬ್ಬ. ನಾಲ್ಕಾರು ತಿಂಗಳು ಮಲಗಲೇಬೇಕಾದ ಹೆಂಗಸರು ಬಂದರೆ ಡಾಕ್ಟರಮ್ಮ ಅವರನ್ನು ಅದೇ ಕೋಣೆಗೆ ಹಾಕಿ ನಮಗೆ ಹೇಳಿ ಕಳಿಸುತ್ತಿದ್ದರು: “ಔಷಧ ನಾನು ಕೊಡ್ತೀನಿ. ಜತಿಗೆ ಕೂಡ್ರೋಕೆ ನೀವು ಬರ್ರಿ.” ಹೋಗುತ್ತಿದ್ದೆವು. ಎಲ್ಲರ ಮಗುವೂ ಉಳಿಯಲಿಲ್ಲ. ಉಳಿಯದಿದ್ದಾಗಲೂ ಕೂತಿದ್ದೆವು.

ಅರವತ್ತರ ದಶಕದ ನಡುವೆ ಅವರಿಗೆ ಹೃದಯದ ಕಾಯಿಲೆ ಕಾಣಿಸಿತು. ಆಸ್ಪತ್ರೆಯನ್ನು ಮದರಾಸಿನಲ್ಲಿ ತಮ್ಮ ಜೊತೆ ಓದಿದ್ದ ಇನ್ನೊಬ್ಬ ಡಾಕ್ಟರಮ್ಮನಿಗೆ ವಹಿಸಿ, ಹರಿಹರದ ಅಣ್ಣನ ಮನೆಗೆ ಹೋದರು. ಮಲಗಿಯೇ ಇರಬೇಕೆಂದು ಅಪ್ಪಣೆಯಾಗಿತ್ತು. ಅವರಷ್ಟು ಕೆಟ್ಟ ಪೇಶಂಟನ್ನು ಯಾರೂ ನೋಡಿರಲಾರರು. ನಾವು ಹೋದಾಗಲೆಲ್ಲ ದಿಂಬಿಗೊರಗಿ ಕೂತೇ ಇರುತ್ತಿದ್ದರು. “ಮಲಗೋದು ಇಷ್ಟು ಕಷ್ಟ ಅಂತ ಗೊತ್ತಿದ್ರೆ ನಿನ್ನ ನಾಲ್ಕು ತಿಂಗಳು ಮಲಗಿಸ್ತಿರ್ಲಿಲ್ಲವ್ವ, ತಪ್ಪಾತು” ಎಂದು ನಕ್ಕು, ಮಗಳಿಗೆ ಬೆಲ್ಲ ಕೊಡಿಸಿ, ಹೊಳೆಯಲ್ಲಿ ನೀರೆಷ್ಟಿದೆ ಎಂದು ಕೇಳುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೆಯೇ ಹೋದರಂತೆ.

ಸುದ್ದಿ ಬಂದ ಕೂಡಲೇ ಅತ್ತೆ, ನಾನು ಹೊರಟೆವು. ಹರಿಹರದ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು, ಕಂಕುಳಲ್ಲಿ ಕೂಸು, ಕೈಹಿಡಿದ ಮಕ್ಕಳು. ಹೆಚ್ಚಿನವರ ಪರಿಚಯ ನನಗಿರಲಿಲ್ಲ. ಆದರೂ ಮಾತು ಶುರುವಾದರೆ ಪ್ರತಿಯೊಬ್ಬರೂ ಅವರು ಆಡಿದ ಯಾವುದೋ ತಮಾಷೆ ಹೇಳಿ, ಅತ್ತು, ಮತ್ತೆ ನಗುತ್ತಿದ್ದರು. ಸಾವಿನ ಮನೆಯಲ್ಲಿ ಅಷ್ಟು ನಗು ನಾನು ಕೇಳಿದ್ದು ಅದೇ ಮೊದಲು.

ನನಗೆ ಮಗಳನ್ನು ಕೊಟ್ಟವರು ಡಾಕ್ಟರಮ್ಮ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಅತ್ತೆಯನ್ನೂ ಅವರೇ ಕೊಟ್ಟರೆಂದು ನಾನೊಬ್ಬಳೇ ಬಲ್ಲೆ. ಆ ಸಂಜೆ ಹಿಂದಿರುಗುವಾಗ ರೈಲಿನಲ್ಲಿ ಜನವೋ ಜನ. ಇಬ್ಬರಿಗೂ ಸೇರಿ ಒಂದೇ ಜಾಗ ಸಿಕ್ಕಿತು. ಮದುವೆಯಾದ ಮೊದಲ ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಾಲ್ಕು ಮಾತಾಡದಿದ್ದ ನಾವಿಬ್ಬರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ದಾವಣಗೆರೆ ಬರುವವರೆಗೂ ಅವರ ಮಾತೇ ಆಡಿದೆವು. ನಿಲ್ದಾಣ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.